ಆರನೆಯ ಕಡವಿನ ಅಂಬಿಗ

ಮೊದಲೇ ಹೇಳಿಬಿಡುತ್ತೇನೆ, ನಾನು ಗೊಣಗುವ ಹೆಂಗಸು. ಔಷಧಿ ಅಂಗಡಿಯ ಬೆಳಗಿನ ಪಾಳಿ ಮುಗಿಸಿ ಮನೆಗೆ ಬರುವಷ್ಟರಲ್ಲಿ ಹತ್ತು ಜಗಳ ಆಗಿರುತ್ತವೆ, ಅದರಲ್ಲಿ ಎಂಟು ನಾನೇ ತೆಗೆದವು. 'ಏಳು ಕಡವು' ಎಂಬ ವಿಡಿಯೋ ಆಟದ ಬಗ್ಗೆ ನಾನು ಬರೆದ ದೂರುಗಳನ್ನೆಲ್ಲ ಒಟ್ಟು ಹಾಕಿದರೆ ದಪ್ಪನೆಯ ಪುಸ್ತಕವಾದೀತು. ಆಟಗಾರರು ಸೇರಿ ಹರಟುವ ಜಾಲತಾಣದಲ್ಲಿ ನನಗೆ 'ಲೋಮ್ ಊರಿನ ಅತ್ತೆ' ಎಂದು ಹೆಸರಿಟ್ಟಿದ್ದರು. ಕಲಿನಾ ಎಂಬ ನನ್ನ ಹೆಸರು ಅಲ್ಲಿ ಯಾರಿಗೂ ನೆನಪಿರಲಿಲ್ಲ.

ದೂರುಗಳೇನು ಒಂದೇ ಎರಡೇ. ಕುದುರೆ ಗೋಡೆ ಹತ್ತುತ್ತದೆ. ರೊಟ್ಟಿ ಮಾರುವವನು ಸುರಿಯುವ ಮಳೆಯಲ್ಲೂ ನೆನೆಯದೆ ನಿಂತಿರುತ್ತಾನೆ. ನಲವತ್ತು ಕತ್ತಿ ಹೊತ್ತು ಬೆಟ್ಟ ಹತ್ತಬಹುದು, ಆದರೆ ಒಂದು ಈರುಳ್ಳಿ ಹೆಚ್ಚಾದರೆ ಚೀಲ ಭಾರವಾಯಿತೆಂದು ಕಾಲು ಏಳುವುದಿಲ್ಲ. ಗಂಡಸು ಮಂತ್ರವಾದಿಗಳಿಗೆ ನೆಲ ಗುಡಿಸುವ ಕಂಬಳಿ ಅಂಗಿ, ಹೆಂಗಸು ಮಂತ್ರವಾದಿಗಳಿಗೆ ಹಿಮದಲ್ಲೂ ಅಂಗೈಯಗಲ ಬಟ್ಟೆ. ಇದನ್ನೆಲ್ಲ ಬರೆಯುತ್ತಿದ್ದೆ, ಬೈಯುತ್ತಿದ್ದೆ, ಕೊನೆಗೆ ಹೀಗೆ ಮಾಡಿ ಹಾಗೆ ಮಾಡಿ ಎಂದು ಬೇಡಿಕೆಗಳನ್ನೂ ಸೇರಿಸುತ್ತಿದ್ದೆ. ಆಟ ಮಾಡಿದ ಕಂಪನಿ ಎಲ್ಲೋ ಉತ್ತರದ ದೇಶದ್ದು. ಅವರು ಓದುತ್ತಾರೆಂದು ನಾನು ನಂಬಿರಲೇ ಇಲ್ಲ.

ಆಟ ನಿಜವಾಗಿ ನನ್ನದಲ್ಲ, ಅಪ್ಪನದು. ನನ್ನಪ್ಪ ಅಪೊಸ್ತೋಲ್ ಮೂವತ್ತೊಂದು ವರ್ಷ ಡ್ಯಾನ್ಯೂಬ್ ನದಿಯಲ್ಲಿ ಸರಕಿನ ದೋಣಿಗಳನ್ನು ಎಳೆಯುವ ಹಡಗಿನಲ್ಲಿ ದುಡಿದವನು. ಬಲ್ಗೇರಿಯದ ನಮ್ಮ ಲೋಮ್ ಬಂದರಿನಿಂದ ಜರ್ಮನಿಯ ತನಕ ಹೋಗುವುದು, ಬರುವುದು. ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಅಮ್ಮನ ತಲೆ ತಿನ್ನತೊಡಗಿದ. ಹುರುಳಿಕಾಳಿನ ಸಾರಿಗೆ ಉಪ್ಪು ಎಷ್ಟು, ಪರದೆ ಯಾವ ಕಡೆ ಸರಿಸಬೇಕು, ಎಲ್ಲದಕ್ಕೂ ಅವನದೊಂದು ಅಪ್ಪಣೆ. ಅಮ್ಮನನ್ನು ಉಳಿಸಲೆಂದೇ ನಾನು ಅವನ ಕೈಗೆ ಈ ಆಟ ಕೊಟ್ಟೆ, ಅದರಲ್ಲಿ ನದಿಯಿತ್ತು, ದೋಣಿಯಲ್ಲಿ ದಾಟುವ ಏಳು ಕಡವುಗಳಿದ್ದವು. ಅವನು ಒಂದು ಗಂಟೆ ಸುಮ್ಮನೆ ದಡದಲ್ಲಿ ನಿಂತು ನೋಡಿ, ನೀರು ಸರಿಯಾಗಿ ಹರಿಯುತ್ತಿದೆ ಎಂದು ಒಪ್ಪಿಗೆ ಕೊಟ್ಟ. ನಮ್ಮ ಭಾಷೆ ಅದರಲ್ಲಿ ಇರಲಿಲ್ಲ. ಹಡಗಿನ ಕೆಲಸದಲ್ಲಿ ಅಪ್ಪನಿಗೆ ಜರ್ಮನ್ ಚೆನ್ನಾಗಿ ಬರುತ್ತಿತ್ತು, ಆದ್ದರಿಂದ ಆಟದ ಜನರೆಲ್ಲ ಜರ್ಮನ್ ಮಾತಾಡುವಂತೆ ಇಟ್ಟೆವು. ನನಗೆ ಆ ಭಾಷೆಯ ಒಂದಕ್ಷರ ಬಾರದು.

ಆಟದಲ್ಲಿ ಒಬ್ಬ ಸಂಗಾತಿಯನ್ನು ಮಾಡಿಕೊಳ್ಳಬಹುದು. ಮುಖ ನಾವೇ ಬಿಡಿಸಬೇಕು, ದನಿಯನ್ನೂ ನಾವೇ ಕೊಡಬಹುದು. ಮೂವತ್ತು ಮಾತು ಕೇಳುತ್ತಾರೆ. ಶತ್ರು ಬಂದಾಗ ಏನು ಹೇಳುತ್ತೀರಿ, ಹಸಿವಾದಾಗ ಏನು, ನಿಧಿ ಸಿಕ್ಕಾಗ ಏನು, ಹೀಗೆ. ಅಪ್ಪ ತನ್ನ ಸಂಗಾತಿಗೆ ಅಮ್ಮನ ಮುಖವನ್ನೇ ಬಿಡಿಸಿ, ನೆವೆನಾ ಎಂದು ಅವಳ ಹೆಸರನ್ನೇ ಇಟ್ಟ. ಅಮ್ಮ ಮೊದಲು ಮೂಗು ಮುರಿದಳು, ಆಮೇಲೆ ಮೈಕ್ ಮುಂದೆ ಕೂತಳು. ಕೂತ ಮೇಲೆ ಅವಳನ್ನು ಹಿಡಿಯುವವರಿಲ್ಲ. ಶತ್ರು ಬಂದಾಗ ಅವಳು ಹೇಳಿದ್ದು, "ಬಂದ್ರು ನೋಡು. ಬೂಟು ಹೊರಗೆ ಬಿಟ್ಟು ಬನ್ನಿ ಅಂತ ಹೇಳು." ನಿಧಿ ಸಿಕ್ಕಾಗ, "ಇದನ್ನ ಎಲ್ಲಿಡ್ತೀಯ ಈಗ? ಮನೇಲಿ ಜಾಗ ಎಲ್ಲಿದೆ?" ಹಸಿವಾದಾಗ, "ಬೆಳಗ್ಗೆಯಿಂದ ಹೊಟ್ಟೆಗೇನೂ ಬಿದ್ದಿಲ್ಲ, ಇವನಿಗೆ ಕತ್ತಿದೇ ಚಿಂತೆ." ಅಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡ.

ಮೂವತ್ತನೆಯದು ಸಾಯುವಾಗ ಹೇಳುವ ಮಾತು. ಅದನ್ನು ಓದಿ ಹೇಳಿದೊಡನೆ ಅಮ್ಮ ಕೆಟ್ಟದ್ದು ತಟ್ಟದಿರಲೆಂದು ಎದೆಯ ಕಡೆ ಮೂರು ಸಲ ಥೂ ಥೂ ಎಂದು ಉಗುಳಿ, ನನ್ನನ್ನೂ ಅಪ್ಪನನ್ನೂ ಕೋಣೆಯಿಂದ ಹೊರಗೆ ದಬ್ಬಿದಳು. ನಿಮ್ಮೆದುರು ಅದನ್ನು ಹೇಳುವುದಿಲ್ಲ ಎಂದಳು. ಐದು ನಿಮಿಷದ ಮೇಲೆ ಮುಗಿಯಿತೆಂದು ಹೊರಗೆ ಬಂದಳು. ಏನು ಹೇಳಿದೆ ಎಂದು ನಾನು ಪೀಡಿಸಿದೆ.

"ನಿನಗ್ಯಾಕೆ?" ಎಂದಳು. "ಅದನ್ನ ಕೇಳೋ ದಿನ ಬರಬಾರದು."

ಬರುವಂತೆಯೂ ಇರಲಿಲ್ಲ. ಆಟದಲ್ಲಿ ಯಾರೂ ನಿಜವಾಗಿ ಸಾಯುತ್ತಿರಲಿಲ್ಲ. ಮೊದಲು ನಿಜವಾದ ಸಾವನ್ನೇ ಇಡಬೇಕೆಂದಿದ್ದರಂತೆ, ಆಮೇಲೆ ಜನ ಬೇಸರ ಮಾಡಿಕೊಳ್ಳುತ್ತಾರೆಂದು ಹೆದರಿ ಕೈಬಿಟ್ಟರಂತೆ. ಸಂಗಾತಿ ಬಿದ್ದರೆ ಮರುಗಳಿಗೆಯಲ್ಲಿ ಬೆಂಕಿಯ ಪಕ್ಕ ಎದ್ದು ಕೂರುತ್ತಿದ್ದಳು. ಮೂವತ್ತನೆಯ ಮಾತು ಕಂಪನಿಯ ಯಂತ್ರದೊಳಗೆ ಎಲ್ಲೋ ಸುಮ್ಮನೆ ಬಿದ್ದುಕೊಂಡಿತ್ತು.

ಅಪ್ಪ ಆಡುವಾಗ ಅಮ್ಮ ಪಕ್ಕದಲ್ಲಿ ಹೆಣೆಯುತ್ತ ಕೂರುತ್ತಿದ್ದಳು. ಅವನ ತಲೆಯನ್ನು ನೋಡುವುದೇ ಅವಳಿಗೆ ಮೋಜು. ನಾವು ಬಲ್ಗೇರಿಯದವರು ಹೌದು ಎನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತೇವೆ, ಇಲ್ಲ ಎನ್ನಲು ಮೇಲೆ ಕೆಳಗೆ. ಉಳಿದವರೆಲ್ಲ ತಿರುಗುಮುರುಗು ಮಾಡುತ್ತಾರೆ, ಅದು ಅವರ ಹಣೆಬರಹ. ಆದರೆ ಹಡಗಿನವರ ಪಾಡು ಬೇರೆ. ಪರದೇಶದ ದಡದಲ್ಲಿ ಒಬ್ಬ ಹಗ್ಗ ಹಿಡಿದು ಬಿಡಲೇ ಎಂದು ಕೇಳಿದಾಗ ಮನೆಯ ತಲೆ ಆಡಿಸಿದರೆ ಯಾರದಾದರೂ ಬೆರಳು ಹೋಗುತ್ತದೆ. ಹಾಗಾಗಿ ಅಪ್ಪ ಪರದೇಶದವರ ಮುಂದೆ ಅವರ ರೀತಿಯಲ್ಲೇ ಆಡಿಸುವುದನ್ನು ಕಲಿತಿದ್ದ. ಲೋಮ್‌ನ ಹಡಗಿನವರೆಲ್ಲ ಹಾಗೆಯೇ. ಜರ್ಮನ್ ಕಿವಿಗೆ ಬಿದ್ದರೆ ಸಾಕು, ತಲೆ ತಾನಾಗಿಯೇ ಬೇರೆ ದಾರಿ ಹಿಡಿಯುತ್ತಿತ್ತು. ಟಿವಿಯಲ್ಲಿ ಆಟದ ಅಗಸನೋ ಕಮ್ಮಾರನೋ ಏನಾದರೂ ಕೇಳಿದರೆ ಅಪ್ಪ ಗುಂಡಿ ಒತ್ತುವುದರ ಜೊತೆಗೆ ತಲೆಯನ್ನೂ ಆಡಿಸುತ್ತಿದ್ದ, ಜರ್ಮನರ ಹಾಗೆ.

"ನಿಮ್ಮಪ್ಪನಿಗೆ ಎರಡು ತಲೆ ಕಣೇ," ಎನ್ನುತ್ತಿದ್ದಳು ಅಮ್ಮ. "ಒಂದು ಮನೆಗೆ, ಒಂದು ಜರ್ಮನಿಗೆ. ಮನೆಗೆ ತಂದ ತಲೇಲಿ ಏನೂ ಇಲ್ಲ."

ಮೂರು ವರ್ಷದ ಹಿಂದೆ ಅಮ್ಮ ಹೋದಳು. ಅಕ್ಟೋಬರಿನಲ್ಲಿ, ಹನ್ನೊಂದು ದಿನದ ಕಾಯಿಲೆ. ಎಲ್ಲರಂತೆ ನಾವೂ ಸಾವಿನ ಕಾಗದ ಅಚ್ಚು ಹಾಕಿಸಿ ಕಟ್ಟಡದ ಬಾಗಿಲಿಗೆ ಅಂಟಿಸಿದೆವು. ಅವಳ ಚಿತ್ರ, ಹೆಸರು, ಕೆಳಗೆ ನಾನೇ ಬರೆದ ಒಂದು ಸಾಲು, 'ನೀನಿಲ್ಲದೆ ಮನೆ ದೊಡ್ಡದಾಗಿಬಿಟ್ಟಿದೆ.' ನಲವತ್ತನೆಯ ದಿನ ಹೊಸ ಕಾಗದ, ಆರು ತಿಂಗಳಿಗೆ ಇನ್ನೊಂದು. ಹಳೆಯದನ್ನು ಯಾರೂ ಕೀಳುವುದಿಲ್ಲ, ಬಿಸಿಲು ಮಳೆಯೇ ಅದನ್ನು ತಿನ್ನಬೇಕು.

ನಲವತ್ತನೆಯ ದಿನದ ಊಟ ಮುಗಿಸಿ ಬಂದ ಮಧ್ಯಾಹ್ನ ಅಪ್ಪ ಆಟ ಹಾಕಿದ. ಆಟದಲ್ಲಿ ನೆವೆನಾ ತೋಳದ ಬಾಯಿಗೆ ಬಿದ್ದಳು, ಮತ್ತೆ ಬೆಂಕಿಯ ಪಕ್ಕ ಎದ್ದು ಕೂತು ಬೆಳಗ್ಗೆಯಿಂದ ಹೊಟ್ಟೆಗೇನೂ ಬಿದ್ದಿಲ್ಲ ಎಂದಳು. ನನಗೆ ಸಿಟ್ಟು ಬಂತು. ಸಾಯುವುದು ಇಷ್ಟು ಸುಲಭವೇ, ಏಳುವುದು ಇಷ್ಟು ಸುಲಭವೇ? ನಾನು ಆ ಸಿಟ್ಟಿನಲ್ಲೇ ಕೂತು ಬರೆದೆ. ಸಾವಿಲ್ಲದ ನಾಡು ನಾಡೇ ಅಲ್ಲ ಎಂದು ಬರೆದೆ. 'ಹೋದವರು ಹೋಗಿಯೇ ಹೋಗಬೇಕು. ಇಲ್ಲದಿದ್ದರೆ ಇದ್ದವರಿಗೆ ಏನು ಬೆಲೆ?' ಎಂದು ಬರೆದೆ. ಊರಲ್ಲಿ ಯಾರಾದರೂ ಸತ್ತರೆ ನಮ್ಮಲ್ಲಿಯಂತೆ ಬಾಗಿಲಿಗೆ ಕಾಗದ ಅಂಟಿಸಿ, ಆಗಲಾದರೂ ಜನಕ್ಕೆ ಗೊತ್ತಾಗುತ್ತದೆ ಎಂದು ಸೇರಿಸಿ, ಮಾದರಿಗೆಂದು ಅಮ್ಮನ ಕಾಗದದ ಚಿತ್ರವನ್ನೇ ತೆಗೆದು ಕಳಿಸಿದೆ. ಹೆಸರನ್ನು ಮಾತ್ರ ಬೆರಳಿನಿಂದ ಮುಚ್ಚಿದ್ದೆ.

ಒಂದು ಮಾತು ಮುಚ್ಚಿಡಬಾರದು. ಅದನ್ನು ಬರೆಯುವಾಗ ನನ್ನ ತಲೆಯಲ್ಲಿ ಆ ಮೂವತ್ತನೆಯ ಮಾತೂ ಇತ್ತು. ಅಮ್ಮ ಏನು ಹೇಳಿದ್ದಳು ಎಂದು ಕೇಳುವ ಆಸೆ ಇತ್ತು. ಅದನ್ನು ಕೇಳಬೇಕಾದರೆ ಏನಾಗಬೇಕು ಎಂಬುದನ್ನು ಮಾತ್ರ ನಾನು ಯೋಚಿಸಲಿಲ್ಲ.

ಕೆಳಮನೆಯ ಗಿನ್ಕಾ ಆಂಟಿ ನಾನು ಬಾಗಿಲಿನ ಕಾಗದದಲ್ಲಿ ಹೆಸರು ಮುಚ್ಚಿ ಚಿತ್ರ ತೆಗೆಯುವುದನ್ನು ನೋಡಿದ್ದಳು. ಎಂಬತ್ತು ದಾಟಿದ ಮುದುಕಿ. ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಬೀದಿಯ ಕಾಗದಗಳನ್ನೆಲ್ಲ ಓದಿ ಬಂದ ಮೇಲೇ ಅವಳಿಗೆ ಕಾಫಿ. ಯಾಕೆ ಎಂದು ಕೇಳಿದಳು. ಒಂದು ಆಟಕ್ಕೆ ಕಳಿಸುತ್ತಿದ್ದೇನೆ ಎಂದೆ.

"ಸತ್ತವರ ಕಾಗದನ ಆಟಕ್ಕೆ ಕಳಿಸ್ತಾರೇನೇ?" ಎಂದಳು. "ಹೆಸರು ಖಾಲಿ ಬಿಟ್ಟು ಕಳಿಸ್ಬೇಡ. ಖಾಲಿ ಜಾಗ ಇದ್ರೆ ಯಾರಾದ್ರೂ ತುಂಬ್ತಾರೆ."

ಮುದುಕಿಗೆ ಅರಳುಮರಳು ಎಂದುಕೊಂಡು ಮೆಟ್ಟಿಲು ಹತ್ತಿದೆ.

ಮರುವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಉತ್ತರಕ್ಕೆ ಮಾತ್ರ ತಲೆಯೊಂದೇ ಉಳಿಯಿತು. ಮಧ್ಯಾಹ್ನ ಆಟದ ಮುಂದೆ ಕೂರಿಸಿದರೆ ಎಡಗೈ ಹೆಬ್ಬೆರಳಿನಿಂದ ನಿಧಾನವಾಗಿ ನಡೆಸುತ್ತಿದ್ದ. ಯಾರಾದರೂ ಪ್ರಶ್ನೆ ಕೇಳಿದರೆ ಅವನ ಬೆರಳು ಗುಂಡಿಗೆ ತಲುಪುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಆದರೂ ಅವನು ಒಂದು ದಿನ ಬಿಟ್ಟವನಲ್ಲ. ಈ ಮನೆಯಲ್ಲಿ ಅಮ್ಮನ ದನಿ ಕೇಳುತ್ತಿದ್ದದ್ದು ಅದೊಂದರಲ್ಲೇ. ಅವಳು ಫೋನಿನ ಮುಂದೆ ಬಾಯಿ ಬಿಟ್ಟವಳಲ್ಲ, ಕ್ಯಾಮೆರಾ ಕಂಡರೆ ಅಡುಗೆಮನೆಗೆ ಓಡುವವಳು. ಆಟದಲ್ಲಿ ಇಪ್ಪತ್ತೊಂಬತ್ತು ಮಾತು, ಅಷ್ಟೇ ನಮ್ಮ ಆಸ್ತಿ.

ನಾನು ಮತ್ತೆ ಬರೆದೆ. ಕೈಯಿಲ್ಲದವರು ಏನು ಮಾಡಬೇಕು, ಟಿವಿ ಮೇಲೆ ಕ್ಯಾಮೆರಾ ಇಟ್ಟು ತಲೆಯಾಡಿಸಿದ್ದನ್ನು ಓದಿಕೊಳ್ಳಲಿ ಎಂದೆ. ನಮ್ಮ ದೇಶದಲ್ಲಿ ತಲೆ ತಿರುಗುಮುರುಗು ಆಡುತ್ತದೆ, ಅದಕ್ಕೊಂದು ಬೇರೆ ಆಯ್ಕೆ ಇರಲಿ ಎಂದೂ ಜಂಬದಿಂದ ಸೇರಿಸಿದೆ. ಸಂಗಾತಿಯ ದನಿಯನ್ನು ನಮ್ಮ ಬಳಿ ಇಟ್ಟುಕೊಳ್ಳಲು ಬಿಡಿ ಎಂಬುದೂ ಒಂದು ಬೇಡಿಕೆ. ಇದೊಂದಕ್ಕೆ ಮಾತ್ರ ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಟಿವಿ ಮುಂದೆ ಫೋನ್ ಹಿಡಿದು ನಾನೇ ದನಿ ಹಿಡಿದಿಡಬಹುದಿತ್ತು. ನಾಳೆ ಮಾಡೋಣ ಎಂದುಕೊಂಡೆ. ದಿನಾ ಮಧ್ಯಾಹ್ನ ಇರುವವಳನ್ನು ಯಾರು ಹಿಡಿದಿಡುತ್ತಾರೆ?

ಈ ಸೆಪ್ಟೆಂಬರಿನಲ್ಲಿ ದೊಡ್ಡ ಅಪ್‌ಡೇಟ್ ಬಂತು. ನಾನು ಕೇಳಿದ್ದರಲ್ಲಿ ಮೂರು ಅದರಲ್ಲಿದ್ದವು, ದನಿ ಇಟ್ಟುಕೊಳ್ಳುವುದು ಮಾತ್ರ ಇರಲಿಲ್ಲ. ಇನ್ನು ಸತ್ತವರು ಏಳುವುದಿಲ್ಲ. ಸತ್ತವರ ಮನೆ ಬಾಗಿಲಿಗೆ ಕಾಗದ ಬೀಳುತ್ತದೆ. ಬೇಕಾದವರು ತಲೆಯಾಡಿಸಿ ಉತ್ತರ ಕೊಡಬಹುದು. ಕಂಪನಿಯವರು ನನ್ನ ಬರಹವನ್ನು ಎತ್ತಿ ಮೆರೆಸಿದ್ದರು, ಅದರ ಕೆಳಗೆ ಸಾವಿರಾರು ಜನ ಶಹಬ್ಬಾಸ್ ಎಂದಿದ್ದರು. ನಾನು ಇಡೀ ದಿನ ಔಷಧಿ ಅಂಗಡಿಯಲ್ಲಿ ಯಾರ ಜೊತೆಯೂ ಜಗಳವಾಡಲಿಲ್ಲ.

ಕ್ಯಾಮೆರಾ ತಂದು ಕೂರಿಸಿದೆ. 'ಬಲ್ಗೇರಿಯದ ರೀತಿ' ಎಂಬ ಆಯ್ಕೆಯನ್ನು ಒತ್ತಿ, ಅಪ್ಪನನ್ನು ಎದುರು ಕೂರಿಸಿ ಪರೀಕ್ಷಿಸಿದೆ. ಅಪ್ಪಾ, ಹಸಿವಾಗಿದೆಯಾ? ಅವನು ಅಡ್ಡಡ್ಡ ಆಡಿಸಿದ, ಟಿವಿಯಲ್ಲಿ 'ಹೌದು' ಬಂತು. ಚಳಿಯಾಗುತ್ತಿದೆಯಾ? ಮೇಲೆ ಕೆಳಗೆ, 'ಇಲ್ಲ' ಬಂತು. ಹತ್ತು ಸಲ ಕೇಳಿದೆ, ಹತ್ತೂ ಸರಿ. ಅಪ್ಪ ಒಂದು ಕಡೆಯ ತುಟಿಯಲ್ಲಿ ನಕ್ಕ.

ಆದರೆ ಆಟದೊಳಗೆ ಅದು ಆಗಾಗ ಎಡವುತ್ತಿತ್ತು. ಛತ್ರದವನು ಏನೋ ಕೇಳಿದ, ಅಪ್ಪ ಉತ್ತರ ಕೊಟ್ಟ, ಬೇಡದ ಎರಡನೆಯ ಹಾಸಿಗೆ ಬಂತು. ಕುದುರೆ ವ್ಯಾಪಾರಿ ಅಪ್ಪನ ಕುದುರೆಯನ್ನು ಹಿಡಿದುಕೊಂಡೇ ಹೋದ. ಅಪ್ಪ ಎಡಗೈಯಿಂದ ಮೇಜು ಗುದ್ದಿದ. ನಾನು ಎಂದಿನಂತೆ ಕಂಪನಿಗೆ ಬೈದು ಬರೆದೆ. ಮತ್ತೊಮ್ಮೆ ಪರೀಕ್ಷೆ ಮಾಡಿ ಎಂದರು. ಮತ್ತೆ ಎದುರು ಕೂತು ಕೇಳಿದೆ, ಹಸಿವಾಗಿದೆಯಾ, ನಿದ್ದೆ ಬರುತ್ತಿದೆಯಾ. ಎಲ್ಲ ಸರಿ. ಕಂಪನಿಯವರು ದಂಡಪಿಂಡಗಳು ಎಂದುಕೊಂಡು ಸುಮ್ಮನಾದೆ. ಇಷ್ಟು ವರ್ಷ ಅಮ್ಮನ ಆ ಎರಡು ತಲೆಯ ತಮಾಷೆ ಕೇಳಿದ್ದ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಇಷ್ಟರಲ್ಲಿ ಕಾಗದಗಳು ಬೀಳತೊಡಗಿದವು. ಅಪ್ಪನ ಪಾತ್ರ ವಾಸವಿದ್ದ ಹಳ್ಳಿಗೆ ಒಂದು ಜ್ವರ ಬಂತು. ಮೊದಲ ಕಾಗದ ರೊಟ್ಟಿಯವನ ಬಾಗಿಲಿಗೆ. ಹತ್ತಿರ ಹೋಗಿ ನೋಡಿದರೆ ಕಪ್ಪು ಅಂಚು, ಮೂಲೆಯಲ್ಲಿ ಶಿಲುಬೆ, ಕೆಳಗೊಂದು ಸಾಲು. ಆ ಜರ್ಮನ್ ಸಾಲನ್ನು ಫೋನಿನಲ್ಲಿ ಅನುವಾದ ಮಾಡಿ ಓದಿದೆ. 'ನೀನಿಲ್ಲದೆ ಮನೆ ದೊಡ್ಡದಾಗಿಬಿಟ್ಟಿದೆ.' ನನ್ನ ಸಾಲು, ಅಮ್ಮನ ಸಾಲು. ಮಾದರಿಯನ್ನು ಅವರು ಅಕ್ಷರ ಬಿಡದೆ ಎತ್ತಿಕೊಂಡಿದ್ದರು. ಮೊದಲು ಹೆಮ್ಮೆಯಾಯಿತು, ಆಮೇಲೆ ಮೈ ಜುಮ್ಮೆಂದಿತು.

ಮಾರನೆಯ ದಿನ ಅಗಸನ ಬಾಗಿಲು. ಅದರ ಮಾರನೆಯ ದಿನ ಎದುರುಮನೆಯ ಎರಡು ಮಕ್ಕಳು, ಒಂದೇ ಕಾಗದದಲ್ಲಿ ಎರಡು ಹೆಸರು. ಎಲ್ಲದರ ಕೆಳಗೂ ಅದೇ ಸಾಲು. ಬೀದಿಯಲ್ಲಿ ಜನ ಕಡಿಮೆಯಾದರು. ಬಾವಿಯ ಬಳಿ ಯಾರೂ ಇರುತ್ತಿರಲಿಲ್ಲ. ಕೊನೆಗೆ ಕಾಗದವಿಲ್ಲದ ಬಾಗಿಲು ಎರಡೇ ಉಳಿದವು, ಒಂದು ಕಮ್ಮಾರನದು, ಇನ್ನೊಂದು ಅಪ್ಪನದು. ನಾನು ಕೆಳಗಿಳಿದು ನಮ್ಮ ಕಟ್ಟಡದ ಬಾಗಿಲಿನಲ್ಲಿ ಅಮ್ಮನ ಕಾಗದ ನೋಡಿದಾಗೆಲ್ಲ ಅಲ್ಲಿಂದಲೇ ಏನೋ ಆಟದೊಳಕ್ಕೆ ಹರಿದು ಹೋಗಿದೆ ಅನ್ನಿಸುತ್ತಿತ್ತು. ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಔಷಧಿ ಅಂಗಡಿಯಲ್ಲಿ ಜ್ವರದ ಗುಳಿಗೆ ಕೊಡುವಾಗ ಚೀಟಿಯ ಹೆಸರನ್ನು ಎರಡೆರಡು ಸಲ ಓದತೊಡಗಿದೆ.

ಒಂದು ಮಧ್ಯಾಹ್ನ ಆಟದ ನೆವೆನಾ ಕೆಮ್ಮಿದಳು. ಅಪ್ಪ ನನ್ನ ಕಡೆ ತಿರುಗಿ ನೋಡಿದ. ಆ ನೋಟ ನನಗೆ ಗೊತ್ತಿತ್ತು. ಆಸ್ಪತ್ರೆಯ ಒಂಬತ್ತನೆಯ ದಿನ ನೋಡಿದ್ದೆ.

ಅವನು ಏನು ಮಾಡಬೇಕೆಂದಿದ್ದಾನೆ ಎಂಬುದು ನಕ್ಷೆ ನೋಡಿದರೆ ಗೊತ್ತಾಗುತ್ತಿತ್ತು. ಆರನೆಯ ಕಡವು ದಾಟಿದರೆ ಆಚೆ ದಡದಲ್ಲಿ ಜ್ವರವಿಲ್ಲ. ಅವಳನ್ನು ಆಚೆ ದಾಟಿಸಬೇಕು. ಮೂವತ್ತೊಂದು ವರ್ಷ ನದಿಯಲ್ಲಿ ದುಡಿದವನಿಗೆ ಬೇರೆ ಏನು ಹೊಳೆಯುತ್ತದೆ? ಆದರೆ ಆ ಕಡವಿನ ಹೊಸ ಅಂಬಿಗನ ಬಗ್ಗೆ ಜಾಲತಾಣದಲ್ಲಿ ಜನ ಒಳ್ಳೆಯ ಮಾತು ಬರೆದಿರಲಿಲ್ಲ. ಅವನು ಏನೋ ಕೇಳುತ್ತಾನೆ, ಜೋಪಾನ, ಎಂದಷ್ಟೇ ಬರೆದು ಮುಂದೆ ಬಾಯಿ ಬಿಡದೆ ಹೋಗುತ್ತಿದ್ದರು.

"ಅಪ್ಪಾ, ನಾನಿಲ್ದೆ ನದಿ ಹತ್ರ ಹೋಗ್ಬೇಡ," ಎಂದೆ. "ಇಬ್ರೂ ಸೇರಿ ದಾಟಿಸೋಣ. ಶನಿವಾರ. ಸರೀನಾ?"

ಅವನು ಅಡ್ಡಡ್ಡ ತಲೆಯಾಡಿಸಿದ. ಸರಿ ಎಂದ.

ಗುರುವಾರ ನಾನು ಬಾಲ್ಕನಿಯಲ್ಲಿ ಮೆಣಸಿನಕಾಯಿ ಸುಡುತ್ತಿದ್ದೆ. ಚಳಿಗಾಲಕ್ಕೆ ಹತ್ತು ಕಿಲೋ. ಬಾಲ್ಕನಿಯ ಬಾಗಿಲು, ಅಡುಗೆಮನೆಯ ಬಾಗಿಲು ಎರಡೂ ಹೊಗೆ ಹೋಗಲೆಂದು ಹಾರುಹೊಡೆದಿದ್ದವು. ಒಳಗಿನ ಕೋಣೆಯಿಂದ ಆಟದ ಸದ್ದು ಬರುತ್ತಿತ್ತು. ಕೆಮ್ಮು. ಹೆಜ್ಜೆ. ಮತ್ತೆ ಕೆಮ್ಮು, ಮೊದಲಿಗಿಂತ ಜೋರು. ಆಮೇಲೆ ನೀರಿನ ಸದ್ದು.

ನೀರಿನ ಸದ್ದು ನನಗೆ ಕೇಳಿಸಿತು. ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಕೈಗೆ ಅಂಟಿತ್ತು, ತಟ್ಟೆಯಲ್ಲಿದ್ದದ್ದನ್ನು ಮುಗಿಸಿ ಏಳೋಣ ಎಂದುಕೊಂಡೆ. ಒಬ್ಬ ಗಂಡಸಿನ ದನಿ ಜರ್ಮನ್‌ನಲ್ಲಿ ಏನೋ ಕೇಳಿತು. ನಿಧಾನ, ಮರ್ಯಾದೆಯ ದನಿ. ಸ್ವಲ್ಪ ಬಿಟ್ಟು ಮತ್ತೆ ಕೇಳಿತು. ಮೂರನೆಯ ಸಲ ಕೇಳಿತು. ಅಪ್ಪನ ಕುರ್ಚಿ ಕಿರುಗುಟ್ಟಿತು.

ಆಮೇಲೆ ಅಮ್ಮ ನನ್ನನ್ನು ಕರೆದಳು.

"ಕಲಿನಾ! ಬಾಗಿಲು ಹಾಕೇ, ಗಾಳಿ ನುಗ್ತಿದೆ, ನಿಮ್ಮಪ್ಪನಿಗೆ ಶೀತ ಆಗತ್ತೆ."

ನಾನು ಎದ್ದು ಒಳಗೆ ಬಂದು ಬಾಲ್ಕನಿಯ ಬಾಗಿಲು ಹಾಕಿದೆ. ಹುಟ್ಟಿದಾಗಿನಿಂದ ಸಾವಿರ ಸಲ ಮಾಡಿದ ಕೆಲಸ, ಕೈ ತಾನೇ ಹೋಯಿತು. ಚಿಲಕವನ್ನೂ ಹಾಕಿದೆ. ಹಾಕಿದ ಮೇಲೆ ಹೊಳೆಯಿತು. ಆ ಇಪ್ಪತ್ತೊಂಬತ್ತು ಮಾತುಗಳಲ್ಲಿ ನನ್ನ ಹೆಸರು ಎಲ್ಲೂ ಇರಲಿಲ್ಲ.

ಓಡಿದೆ. ಅಪ್ಪ ಕುರ್ಚಿಯ ಅಂಚಿಗೆ ಬಂದು ಕೂತಿದ್ದ. ಕಣ್ಣು ಟಿವಿಯಲ್ಲೇ ನೆಟ್ಟಿತ್ತು, ತಲೆ ಅಡ್ಡಡ್ಡ ಆಡುತ್ತಿತ್ತು, ಅತ್ತ ಇತ್ತ, ಅತ್ತ ಇತ್ತ, ನಿಲ್ಲಿಸಲಾಗದ ಹಾಗೆ. ಟಿವಿಯಲ್ಲಿ ದೋಣಿ ದಡ ಬಿಟ್ಟಿತ್ತು. ದೋಣಿಯಲ್ಲಿ ಅವನ ಪಾತ್ರ ಒಂದೇ. ದಡದಲ್ಲಿ ನೆವೆನಾಳ ಹೆಣೆದ ಶಾಲು ಬಿದ್ದಿತ್ತು, ಬೇರೆ ಯಾರೂ ಇರಲಿಲ್ಲ. ಕೆಳಗೆ ಅಂಬಿಗನ ಮೂರು ಪ್ರಶ್ನೆಗಳು, ಅಪ್ಪನ ಮೂರು ಉತ್ತರಗಳು ಸಾಲಾಗಿ ಉಳಿದಿದ್ದವು. ಫೋನ್ ಹಿಡಿದು ಓದಿದೆ.

ದೋಣಿಯಲ್ಲಿ ಒಬ್ಬರಿಗೇ ಜಾಗ, ಕಾಯಿಲೆಯ ಹೆಂಗಸನ್ನು ಇಲ್ಲೇ ಬಿಡಲೇ? ಹೌದು. ಬಿಟ್ಟರೆ ಅವಳು ಬದುಕುವುದಿಲ್ಲ, ಬಿಡಲೇ? ಹೌದು. ಕೊನೆಯ ಸಲ ಕೇಳುತ್ತೇನೆ, ಬಿಡಲೇ? ಹೌದು.

ಅವನು ಬೇಡ ಎಂದಿದ್ದ. ಜರ್ಮನ್ ಮಾತಾಡುವ ದೋಣಿಯವನಿಗೆ ನನ್ನಪ್ಪ ಮೂವತ್ತೊಂದು ವರ್ಷದ ರೂಢಿಯಂತೆ ಜರ್ಮನರ ರೀತಿಯಲ್ಲೇ ತಲೆಯಾಡಿಸಿ ಬೇಡ ಎಂದಿದ್ದ. ನಾನು ನಮ್ಮ ರೀತಿಗೆ ತಿರುಗಿಸಿಟ್ಟಿದ್ದ ಯಂತ್ರ ಅದನ್ನು ಹೌದು ಎಂದು ಓದಿತ್ತು. ಅವನು ಹೆದರಿ ಜೋರಾಗಿ ಬೇಡ ಎಂದಷ್ಟೂ ಅದು ಜೋರಾಗಿ ಹೌದು ಎಂದುಕೊಂಡಿತ್ತು. ಪರೀಕ್ಷೆ ಮಾಡುವಾಗ ಕೇಳಿದವಳು ನಾನು, ನಮ್ಮ ಭಾಷೆಯಲ್ಲಿ. ನನಗೆ ಅವನು ಮನೆಯ ತಲೆಯಲ್ಲಿ ಉತ್ತರ ಕೊಟ್ಟಿದ್ದ.

ಮೂವತ್ತನೆಯ ಮಾತು ಏನೆಂದು ಈಗ ಗೊತ್ತಾಯಿತು. ಅವತ್ತು ನಮ್ಮನ್ನು ಹೊರಗೆ ದಬ್ಬಿದಾಗ ನಾನು ಬಾಗಿಲು ಹಾಕದೆ ಬಂದಿದ್ದೆ. ಮೈಕ್ ತೆರೆದಿದ್ದಾಗಲೇ ಅಮ್ಮ ನನ್ನನ್ನು ಕೂಗಿದ್ದಳು, ನಾನು ಎಂದಿನಂತೆ ಬಾಗಿಲು ಹಾಕಿ ಮರೆತಿದ್ದೆ, ಅದೇ ಅಚ್ಚಾಗಿ ಉಳಿದಿತ್ತು. ಸಾವಿನ ಮಾತನ್ನು ಅವಳು ಬಾಯಿಗೆ ತಂದೇ ಇರಲಿಲ್ಲ.

ಪಾತ್ರವನ್ನು ಮತ್ತೆ ಈಚೆ ದಡಕ್ಕೆ ತಂದು ಹಳ್ಳಿಗೆ ನಡೆಸಿದೆ, ಹೇಗಾದರೂ ಅವಳು ಬೆಂಕಿಯ ಪಕ್ಕ ಕೂತಿರಬಹುದು ಎಂಬ ಹುಚ್ಚು ಆಸೆಯಿಂದ. ಬೆಂಕಿ ಆರಿತ್ತು. ಮನೆಯ ಬಾಗಿಲಿಗೆ ಕಾಗದ ಬಿದ್ದಿತ್ತು. ಕಪ್ಪು ಅಂಚು, ಅಪ್ಪ ಬಿಡಿಸಿದ ಅಮ್ಮನ ಮುಖ, ನೆವೆನಾ ಎಂಬ ಹೆಸರು. ನಾನು ಬೆರಳಿನಿಂದ ಮುಚ್ಚಿ ಖಾಲಿ ಬಿಟ್ಟ ಜಾಗ ತುಂಬಿತ್ತು. ಕೆಳಗಿನ ಸಾಲನ್ನು ಅನುವಾದ ಮಾಡಬೇಕಾಗಿರಲಿಲ್ಲ.

ಕಂಪನಿಗೆ ಬರೆದೆ. ಈ ಸಲ ಬೈಯಲಿಲ್ಲ. ಅಪ್ಪನ ಲಕ್ವದ ವಿಷಯ, ತಲೆಯ ವಿಷಯ, ಅಮ್ಮನ ದನಿಯ ವಿಷಯ ಎಲ್ಲ ಬರೆದು ಕಾಲಿಗೆ ಬೀಳುತ್ತೇನೆ ಎಂದೆ. ಎರಡು ದಿನದ ಮೇಲೆ ಯಾರೋ ಬಹಳ ಮೃದುವಾಗಿ ಉತ್ತರ ಕೊಟ್ಟರು. ಸತ್ತ ಸಂಗಾತಿಯ ಮುಖ, ದನಿ, ಎಲ್ಲವೂ ಅಳಿಸಿಹೋಗುವಂತೆ ಹೊಸ ಆಟವನ್ನು ಕಟ್ಟಿದ್ದಾರಂತೆ, ವಾಪಸು ತರಲು ಅವರಿಂದಲೂ ಆಗದಂತೆ. ತುಂಬಾ ನೋವಾಗಿದೆಯಂತೆ. ಯಾಕೆ ಹೀಗೆ ಕಟ್ಟಿದೆವೆಂದು ತಿಳಿಯಲು ನಮಗೆ ದಾರಿ ತೋರಿಸಿದ ಈ ಬರಹವನ್ನು ಓದಿ ಎಂದು ಕೆಳಗೆ ಒಂದು ಕೊಂಡಿ ಇಟ್ಟಿದ್ದರು. ಒತ್ತಿದೆ. 'ಹೋದವರು ಹೋಗಿಯೇ ಹೋಗಬೇಕು' ಎಂದು ತಲೆಬರಹ ಇಟ್ಟಿದ್ದರು.

ಅಪ್ಪ ಈಗಲೂ ಮಧ್ಯಾಹ್ನ ಟಿವಿ ಮುಂದೆ ಕೂರುತ್ತಾನೆ. ಪಾತ್ರವನ್ನು ಆರನೆಯ ಕಡವಿಗೆ ನಡೆಸಿಕೊಂಡು ಹೋಗಿ ದಡದಲ್ಲಿ ನಿಲ್ಲಿಸುತ್ತಾನೆ, ಅಷ್ಟೇ. ಅಂಬಿಗ ಏನು ಕೇಳಿದರೂ ತಲೆಯಾಡಿಸುವುದಿಲ್ಲ. ನಾನು ಕ್ಯಾಮೆರಾ ಕಿತ್ತು ಹಾಕಿದ್ದೇನೆ, ಆದರೂ ಅವನು ಕುತ್ತಿಗೆಯನ್ನು ಬಿಗಿಹಿಡಿದೇ ಕೂರುತ್ತಾನೆ. ನಾನು ಊಟಕ್ಕೆ ಕರೆದರೂ ಹಾಗೆಯೇ. ಹಸಿವಾಗಿದೆಯಾ ಎಂದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ನನಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದಾನೆ.

ಗಿನ್ಕಾ ಆಂಟಿ ಮೊನ್ನೆ ಬಂದು, ಮೂರು ವರ್ಷದ ಕಾಗದ ಇನ್ನೂ ಅಂಟಿಸಿಲ್ಲವಲ್ಲ ಎಂದಳು. ಅಂಟಿಸುತ್ತೇನೆ ಎಂದೆ. ಮನೆಯೊಳಗೆ ಬಂದವಳು ಶಾಲನ್ನು ಬಿಗಿಯಾಗಿ ಹೊದ್ದುಕೊಂಡು, ಈ ಚಳಿಯಲ್ಲಿ ಯಾಕೆ ಎಲ್ಲ ತೆರೆದಿಟ್ಟಿದ್ದೀಯ ಎಂದು ಕೇಳಿದಳು. ಹೊಗೆ ಹೋಗಲೆಂದು, ಎಂದೆ. ಮೆಣಸಿನಕಾಯಿ ಸುಟ್ಟು ಎರಡು ವಾರವಾಗಿತ್ತು.

ದಿನಾ ಮಧ್ಯಾಹ್ನ ಅಪ್ಪನಿಗೆ ಎರಡು ಕಂಬಳಿ ಹೊದಿಸಿ, ಬಾಲ್ಕನಿಯ ಬಾಗಿಲನ್ನೂ ಅಡುಗೆಮನೆಯ ಬಾಗಿಲನ್ನೂ ತೆರೆದಿಡುತ್ತೇನೆ. ನದಿಯ ಕಡೆಯಿಂದ ಗಾಳಿ ನೇರ ಒಳಗೆ ನುಗ್ಗುತ್ತದೆ. ನಾನು ಅಡುಗೆಮನೆಯಲ್ಲಿ ಕೂತು ಕಾಯುತ್ತೇನೆ. ಬಾಗಿಲು ಹಾಕು ಎಂದು ಯಾರೂ ಬೈಯುವುದಿಲ್ಲ.